ಆಕ್ಸೊಲಾಟಲ್ ಮಂಕಾಗಿದೆ, ಎಲ್ಲಿಂದ ನೋಡುವುದು? ಸಾಕು ಸಲಮಾಂಡರ್‌ಗಳ ದೋಷ ನಿವಾರಣೆ ಕೈಪಿಡಿ

ಇಕ್ಕಳದಲ್ಲಿ ಎರೆಹುಳು ಇಳಿಬಿಟ್ಟರೆ ಗಬಕ್ಕನೆ ಬಾಯಿ ಹಾಕುತ್ತಿದ್ದ ಆಕ್ಸೊಲಾಟಲ್, ಅಂದರೆ ನೀರಲ್ಲೇ ಬದುಕುವ ಸಲಮಾಂಡರ್, ಮುಖ ತಿರುಗಿಸಿ ಮೂಲೆಗೆ ಹೋಗಿ ಕೂತಿದೆ. ಕಿವಿರಿನ ಗರಿಗಳು ಮುಂದಕ್ಕೆ ಬಾಗಿವೆ. ಬಾಲದ ತುದಿ ಕೊಕ್ಕೆಯ ಹಾಗೆ ಸುತ್ತಿಕೊಂಡಿದೆ. ಇಷ್ಟು ಕಂಡ ಕೂಡಲೇ ಸಾಕುವವರು ಮಾಡುವ ಮೊದಲ ಕೆಲಸ ಮದ್ದು ಹುಡುಕುವುದು. ನಾನೂ ಅದನ್ನೇ ಮಾಡಿದ್ದೆ, ಪೆಟ್ಟೂ ತಿಂದಿದ್ದೆ. ಆ ಕಥೆ ಮುಂದೆ ಬರುತ್ತದೆ.

ಸಲಮಾಂಡರ್ ಕಪ್ಪೆಯ ಬಳಗದ, ಬಾಲವಿರುವ ಪ್ರಾಣಿ. ಅದರ ಚರ್ಮಕ್ಕೆ ಹುರುಪೆಯೂ ಇಲ್ಲ, ಕೂದಲೂ ಇಲ್ಲ. ನೀರು, ಉಪ್ಪು, ಅಮೋನಿಯಾ, ಆಮ್ಲಜನಕ, ನೀವು ಹಾಕಿದ ಮದ್ದು ಎಲ್ಲವೂ ಆ ತೆಳು ಚರ್ಮದ ಮೂಲಕ ನೇರವಾಗಿ ಒಳಹೋಗುತ್ತವೆ. ಹಾಗಾಗಿ ತೊಟ್ಟಿಯಲ್ಲಿ ಏನು ಕೆಟ್ಟಿದ್ದರೂ ಅದು ಮೊದಲು ಕಾಣುವುದು ಪ್ರಾಣಿಯ ಮೈಮೇಲೆ. ನಾನು ಈಗ ಹಿಡಿದಿರುವ ಕ್ರಮ ಇಷ್ಟು: ಮೊದಲು ನೀರು, ಆಮೇಲೆ ಬಿಸಿ, ಆಮೇಲೆ ಹೊಟ್ಟೆ, ಆಮೇಲೆ ಮೈ. ಮದ್ದಿನ ಸರದಿ ಎಲ್ಲದರ ಕೊನೆಗೆ. ಮನೆಗಳಲ್ಲಿ ಹೆಚ್ಚು ಸಾಕುವುದು ಆಕ್ಸೊಲಾಟಲ್ ಆದ್ದರಿಂದ ಅದರ ಬಗ್ಗೆಯೇ ಹೆಚ್ಚು ಬರೆದಿದ್ದೇನೆ. ನೆಲದ ಮೇಲೆ ಬದುಕುವ ಜಾತಿಗಳ ವಿಷಯ ಕೊನೆಯಲ್ಲಿದೆ.

ಮೊದಲ ಹತ್ತು ನಿಮಿಷ

ಪ್ರಾಣಿಯನ್ನು ಮುಟ್ಟಬೇಡಿ, ಎತ್ತಬೇಡಿ. ತೊಟ್ಟಿಯ ದೀಪ ಆರಿಸಿ. ಆಕ್ಸೊಲಾಟಲ್‌ಗೆ ಕಣ್ಣಿನ ರೆಪ್ಪೆಯೇ ಇಲ್ಲ, ಬೆಳಕು ಚುಚ್ಚಿದರೆ ಅದು ಕಣ್ಣು ಮುಚ್ಚಿಕೊಳ್ಳಲಾರದು. ಥರ್ಮಾಮೀಟರ್ ನೋಡಿ ಅಂಕಿ ಬರೆದುಕೊಳ್ಳಿ. ನೀರು ಬದಲಾಯಿಸುವ ಮುಂಚೆಯೇ ಒಂದು ಲೋಟ ನೀರು ತೆಗೆದಿಟ್ಟುಕೊಳ್ಳಿ. ಗಾಬರಿಯಲ್ಲಿ ಅರ್ಧ ತೊಟ್ಟಿ ಬದಲಾಯಿಸಿ ಆಮೇಲೆ ಪರೀಕ್ಷೆಗೆ ಕೂತರೆ ಸಾಕ್ಷಿ ಚರಂಡಿಗೆ ಹೋಗಿರುತ್ತದೆ.

ಇಷ್ಟಾದ ಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಹಿಂದಿನ ಹತ್ತು ದಿನಗಳಲ್ಲಿ ಏನು ಬದಲಾಯಿತು? ಫಿಲ್ಟರ್ ತೊಳೆದಿರಾ? ಹೊಸ ಗಿಡ, ಹೊಸ ಕಲ್ಲು, ಹೊಸ ಪ್ರಾಣಿ ಬಂತೇ? ಊಟದ ಡಬ್ಬಿ ಬದಲಾಯಿತೇ? ಮನೆಯಲ್ಲಿ ಯಾರಾದರೂ ಸೊಳ್ಳೆಗೋ ಜಿರಲೆಗೋ ಸ್ಪ್ರೇ ಹೊಡೆದರೇ? ಕೊನೆಯದನ್ನು ಯಾರೂ ತಾವಾಗಿ ಹೇಳುವುದಿಲ್ಲ, ಕೇಳಲೇಬೇಕು.

ನೀರಿನ ಪರೀಕ್ಷೆಯನ್ನು ಓದುವುದು

ಪಟ್ಟಿ ಅದ್ದಿ ನೋಡುವ ಕಿಟ್‌ಗಿಂತ ಹನಿ ಹಾಕಿ ಬಣ್ಣ ನೋಡುವ ದ್ರವದ ಕಿಟ್ ನಂಬಿಕಸ್ತ. ಬೇಕಾದದ್ದು ನಾಲ್ಕು ಅಂಕಿ: ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ). ಮೊದಲೆರಡು ಸೊನ್ನೆ ಇರಬೇಕು, "ಸ್ವಲ್ಪ ಇದ್ದರೆ ಪರವಾಗಿಲ್ಲ" ಎನ್ನುವ ಮಾತೇ ಇಲ್ಲ. ನೈಟ್ರೇಟ್ 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಪಾಲು) ಒಳಗಿದ್ದರೆ ಒಳ್ಳೆಯದು, 40 ದಾಟಬಾರದು. ಪಿಎಚ್ 7.4ರಿಂದ 7.6ರ ಆಸುಪಾಸಿನಲ್ಲಿ ಸುಖ.

ಒಂದೊಂದೇ ಅಂಕಿ ನೋಡಿದರೆ ಏನೂ ತಿಳಿಯದು, ಮೊದಲ ಮೂರನ್ನೂ ಒಟ್ಟಿಗೆ ಓದಬೇಕು. ಪ್ರಾಣಿಯ ಮೈಯಿಂದ, ಹಿಕ್ಕೆಯಿಂದ, ಉಳಿದ ಊಟದಿಂದ ಅಮೋನಿಯಾ ಬರುತ್ತದೆ. ಫಿಲ್ಟರ್‌ನ ಸ್ಪಂಜಿನಲ್ಲಿ ಮನೆ ಮಾಡಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದಿಷ್ಟೇ ತೊಟ್ಟಿಯ ಒಳಗಿನ ಯಂತ್ರ. ಯಂತ್ರದ ಯಾವ ಹಲ್ಲು ಮುರಿದಿದೆ ಎಂದು ಅಂಕಿಗಳೇ ಹೇಳುತ್ತವೆ.

ಅಮೋನಿಯಾ ಇದೆ, ನೈಟ್ರೈಟ್ ಸೊನ್ನೆ, ನೈಟ್ರೇಟೂ ಸೊನ್ನೆ ಎಂದರೆ ಫಿಲ್ಟರ್‌ನಲ್ಲಿ ಜೀವವೇ ಇಲ್ಲ. ಒಂದೋ ಹೊಸ ತೊಟ್ಟಿಗೆ ನೇರವಾಗಿ ಪ್ರಾಣಿ ಬಿಟ್ಟಿದ್ದೀರಿ, ಇಲ್ಲವೇ ಇದ್ದ ಬ್ಯಾಕ್ಟೀರಿಯಾವನ್ನು ಕೊಂದಿದ್ದೀರಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಏರಿದೆ ಎಂದರೆ ಯಂತ್ರ ಅರ್ಧಕ್ಕೆ ಬಂದು ನಿಂತಿದೆ, ಎರಡನೆಯ ಬಗೆಯ ಬ್ಯಾಕ್ಟೀರಿಯಾ ಇನ್ನೂ ಬೆಳೆದಿಲ್ಲ. ಎರಡೂ ಸೊನ್ನೆ, ನೈಟ್ರೇಟ್ ಮಾತ್ರ 80 ಎಂದರೆ ಫಿಲ್ಟರ್ ಚೆನ್ನಾಗಿದೆ, ಸೋಮಾರಿಗಳು ನೀವು. ವಾರಕ್ಕೊಮ್ಮೆ ಶೇಕಡಾ 20ರಿಂದ 30ರಷ್ಟು ನೀರು ಬದಲಾಯಿಸಿ. ಇನ್ನೊಂದು ಇದೆ: ಮೂರೂ ಸೊನ್ನೆ ಬಂದರೆ ಖುಷಿಪಡಬೇಡಿ. ಪ್ರಾಣಿ ಇರುವ, ಗಿಡ ತುಂಬಿರದ ತೊಟ್ಟಿಯಲ್ಲಿ ನೈಟ್ರೇಟ್ ಸೊನ್ನೆ ಬರುವುದು ಅಪರೂಪ. ನೈಟ್ರೇಟ್ ಕಿಟ್‌ನ ಎರಡನೆಯ ಸೀಸೆಯಲ್ಲಿ ಪುಡಿ ತಳಕ್ಕೆ ಕೂರುತ್ತದೆ. ಅದನ್ನು ಅರ್ಧ ನಿಮಿಷ ರಟ್ಟೆ ನೋಯುವಷ್ಟು ಕುಲುಕದಿದ್ದರೆ ಕಿಟ್ ಸುಳ್ಳು ಸೊನ್ನೆ ತೋರಿಸುತ್ತದೆ.

ಅಮೋನಿಯಾ ಎಷ್ಟು ವಿಷ ಎನ್ನುವುದು ಪಿಎಚ್ ಮೇಲೂ ನಿಂತಿದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಅದೇ ಒಟ್ಟು ಅಮೋನಿಯಾದಲ್ಲಿ ವಿಷದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ನೀರು ಬಿಸಿಯಾದರೂ ಆ ಪಾಲು ಏರುತ್ತದೆ. ಒಬ್ಬರ ತೊಟ್ಟಿಯಲ್ಲಿ 0.5 ಪಿಪಿಎಂಗೆ ಏನೂ ಆಗದೆ, ಇನ್ನೊಬ್ಬರ ತೊಟ್ಟಿಯಲ್ಲಿ ಅದೇ 0.5ಕ್ಕೆ ಕಿವಿರು ಸುಟ್ಟುಹೋಗುವುದು ಇದರಿಂದಲೇ.

ಈಗ ನನ್ನ ಕಥೆ. ಬಿಳಿ ಮೈ, ಕಪ್ಪು ಕಣ್ಣಿನ ಆಕ್ಸೊಲಾಟಲ್. ಒಂದು ಸಂಜೆ ಊಟ ಬಿಟ್ಟಿತು. ಮಾರನೆಯ ದಿನ ಎಡಗಡೆಯ ಮಧ್ಯದ ಕಿವಿರಿನ ತುದಿಯಲ್ಲಿ ಹತ್ತಿಯ ಎಳೆಯಂಥದ್ದು ಕಂಡಿತು. ಬೂಷ್ಟು ಎಂದು ತೀರ್ಮಾನಿಸಿ ಉಪ್ಪುನೀರಿನ ಸ್ನಾನ ಮಾಡಿಸಿದೆ. ಬೂಷ್ಟು ಉದುರಿತು, ಮರುದಿನ ಇನ್ನೆರಡು ಕಿವಿರಲ್ಲಿ ಕಾಣಿಸಿಕೊಂಡಿತು. ಮತ್ತೆ ಸ್ನಾನ. ಮೂರನೆಯ ದಿನಕ್ಕೆ ಕಿವಿರಿನ ಕೆಂಪು ಎಳೆಗಳೆಲ್ಲ ಸವೆದು ಬೋಳು ಕಡ್ಡಿಯಂತಾಗಿದ್ದವು. ನಾಲ್ಕನೆಯ ದಿನ, ಬೇರೆ ದಾರಿ ಕಾಣದೆ, ಧೂಳು ಹಿಡಿದಿದ್ದ ಕಿಟ್ ತೆಗೆದೆ. ಗಾಜಿನ ನಳಿಕೆಯಲ್ಲಿ ಹಳದಿಯಾಗಿ ಉಳಿಯಬೇಕಾದ ನೀರು ನನ್ನ ಕಣ್ಣೆದುರೇ ಎಲೆ ಹಸಿರಿಗೆ ತಿರುಗಿತು. 1 ಪಿಪಿಎಂಗಿಂತ ಹೆಚ್ಚು ಅಮೋನಿಯಾ! ಹಿಂದಿನ ವಾರ ಸ್ಪಂಜು ತೀರಾ ಕೊಳಕಾಗಿದೆ ಎಂದು ನಲ್ಲಿಯ ಕೆಳಗೆ ಹಿಡಿದು, ನೀರು ತಿಳಿಯಾಗುವವರೆಗೆ ಹಿಂಡಿ ಹಿಂಡಿ ತೊಳೆದದ್ದು ಆಗ ನೆನಪಾಯಿತು. ನಲ್ಲಿ ನೀರಿನ ಕ್ಲೋರಿನ್ ತಿಂಗಳುಗಟ್ಟಲೆ ಬೆಳೆದ ಬ್ಯಾಕ್ಟೀರಿಯಾವನ್ನು ಎರಡು ನಿಮಿಷದಲ್ಲಿ ಮುಗಿಸಿತ್ತು. ನಾನು ಸುಟ್ಟ ಗಾಯಕ್ಕೆ ಉಪ್ಪು ಸವರುತ್ತಿದ್ದೆ, ಅಕ್ಷರಶಃ.

ಪರಿಹಾರ ಸರಳ, ಆದರೆ ಬೇಸರದ್ದು. ಪ್ರಾಣಿಯನ್ನು ಪ್ಲಾಸ್ಟಿಕ್ ಡಬ್ಬಕ್ಕೆ ಸಾಗಿಸುವುದು. ಡಬ್ಬದ ಉದ್ದ ಪ್ರಾಣಿಯ ಎರಡು ಪಟ್ಟಾದರೂ ಇರಲಿ, ನೀರು ಅದರ ಬೆನ್ನು ಚೆನ್ನಾಗಿ ಮುಳುಗುವಷ್ಟು ಇರಲಿ. ಪ್ರತಿದಿನ ಪೂರ್ತಿ ನೀರು ಬದಲಾಯಿಸಬೇಕು. ಹೊಸ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ, ಹಳೆಯ ನೀರಿನಷ್ಟೇ ತಂಪು ಇದೆಯೇ ಎಂದು ನೋಡಿ ಬಿಡಬೇಕು. ಸಾಕುವವರ ಬಾಯಲ್ಲಿ ಇದು "ಟಬ್ಬಿಂಗ್". ನೂರು ಮದ್ದಿಗಿಂತ ಇದು ಮೇಲು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಅತ್ತ ಖಾಲಿ ತೊಟ್ಟಿಯಲ್ಲಿ ಫಿಲ್ಟರ್ ಓಡಿಸುತ್ತಾ, ಬ್ಯಾಕ್ಟೀರಿಯಾಗೆ ಆಹಾರವಾಗಿ ಅಮೋನಿಯಾ ಹನಿಸುತ್ತಾ ಯಂತ್ರವನ್ನು ಮತ್ತೆ ಕಟ್ಟಬೇಕು. ಸೊನ್ನೆಯಿಂದ ಶುರುವಾದರೆ ನಾಲ್ಕರಿಂದ ಎಂಟು ವಾರ. ಬೇರೊಂದು ಆರೋಗ್ಯವಂತ ತೊಟ್ಟಿಯ ಹಳೆಯ ಸ್ಪಂಜಿನ ತುಂಡು ಸಿಕ್ಕರೆ ಬೇಗ. ನನ್ನ ಪ್ರಾಣಿ ಆರನೆಯ ದಿನ ಡಬ್ಬದಲ್ಲಿ ಹುಳು ತಿಂದಿತು. ಕಿವಿರಿನ ಎಳೆಗಳು ಮರಳಿ ಬರಲು ಒಂದೂವರೆ ತಿಂಗಳು ಹಿಡಿಯಿತು. ಅಂದಿನಿಂದ ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನ ಬಕೆಟ್ಟಿನಲ್ಲಿ ಎರಡು ಸಲ ಅದ್ದಿ ಹಿಂಡುತ್ತೇನೆ, ಅಷ್ಟೇ. ಸ್ಪಂಜು ಕಂದಾಗಿಯೇ ಇರಲಿ.

ಒಂದು ಸಣ್ಣ ಗೊಂದಲ ಬಗೆಹರಿಸಿಬಿಡುತ್ತೇನೆ. ಕೆಲವು ಕಡೆ ನಲ್ಲಿ ನೀರಿಗೆ ಕ್ಲೋರಿನ್ ಬದಲು ಕ್ಲೋರಮಿನ್ ಹಾಕುತ್ತಾರೆ. ಅದು ಬಕೆಟ್ಟಿನಲ್ಲಿ ಒಂದು ರಾತ್ರಿ ಇಟ್ಟರೆ ಹಾರಿಹೋಗುವುದಿಲ್ಲ, ದ್ರಾವಣ ಬೇಕೇ ಬೇಕು. ದ್ರಾವಣ ಹಾಕಿದ ಮೇಲೂ ಕಿಟ್ ಅಮೋನಿಯಾ ತೋರಿಸಬಹುದು, ಏಕೆಂದರೆ ಕಟ್ಟಿಹಾಕಿದ ಅಮೋನಿಯಾವನ್ನೂ ಅದು ಎಣಿಸುತ್ತದೆ. ಅನುಮಾನವಿದ್ದರೆ ನಲ್ಲಿ ನೀರನ್ನೇ ಒಮ್ಮೆ ಪರೀಕ್ಷಿಸಿ.

ಬಿಸಿ

ಆಕ್ಸೊಲಾಟಲ್‌ನ ಮೂಲ ನೆಲೆ ಮೆಕ್ಸಿಕೊ ನಗರದ ಶೊಚಿಮಿಲ್ಕೊ ಕಾಲುವೆಗಳು. ಆ ನಗರ ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದಲ್ಲಿದೆ, ನೀರು ವರ್ಷವಿಡೀ ತಂಪು. ಅದಕ್ಕೆ ಒಗ್ಗಿದ ಮೈಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ಹಿತ, 20 ಸಹ್ಯ. 22ರಲ್ಲಿ ಒದ್ದಾಟ ಶುರು. 24 ದಾಟಿ ದಿನಗಟ್ಟಲೆ ನಿಂತರೆ ಜೀವಕ್ಕೇ ಅಪಾಯ.

ಬಿಸಿಯ ಲಕ್ಷಣಗಳು ಅಮೋನಿಯಾದ ಲಕ್ಷಣಗಳಂತೆಯೇ ಇರುತ್ತವೆ: ಊಟ ಬೇಡ, ಕಿವಿರು ಮುಂದಕ್ಕೆ, ಬಾಲದ ತುದಿ ಸುರುಳಿ, ಮತ್ತೆ ಮತ್ತೆ ಮೇಲೆ ಬಂದು ಗಾಳಿ ಗುಟುಕಿಸುವುದು. ಬಿಸಿನೀರು ಆಮ್ಲಜನಕವನ್ನು ಕಡಿಮೆ ಹಿಡಿದಿಡುತ್ತದೆ. 15 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 10 ಮಿಲಿಗ್ರಾಂ ಕರಗುವ ಕಡೆ 25 ಡಿಗ್ರಿಯಲ್ಲಿ ಸುಮಾರು 8.3. ಅದೇ ಹೊತ್ತಿಗೆ ಪ್ರಾಣಿಯ ಮೈಗೆ ಬೇಕಾದದ್ದು ಹೆಚ್ಚಾಗಿರುತ್ತದೆ. ಆದಾಯ ಇಳಿದು ಖರ್ಚು ಏರಿದ ಮನೆ ಅದು.

ತೊಟ್ಟಿಯ ಹೊರಗೋಡೆಗೆ ಅಂಟಿಸುವ ಥರ್ಮಾಮೀಟರ್ ಪಟ್ಟಿಯನ್ನು ನಂಬಬೇಡಿ, ಅದು ಕೋಣೆಯ ಗಾಳಿಗೂ ತಾಳ ಹಾಕುತ್ತದೆ. ನೀರೊಳಗೆ ಮುಳುಗುವ ಅಳತೆ ಕಡ್ಡಿ ಇರುವ ಡಿಜಿಟಲ್ ಥರ್ಮಾಮೀಟರ್ ಇರಲಿ. ಮಧ್ಯಾಹ್ನ ಮೂರಕ್ಕೆ ಒಮ್ಮೆ, ಬೆಳಗಿನ ಜಾವ ಒಮ್ಮೆ ನೋಡಿ. ಬೆಳಿಗ್ಗೆ 18 ಇದ್ದದ್ದು ಮಧ್ಯಾಹ್ನ 23 ಆಗುವ ತೊಟ್ಟಿಗಳಿವೆ. ಬೆಳಿಗ್ಗೆ ಮಾತ್ರ ನೋಡುವ ಯಜಮಾನರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ತಂಪು ಮಾಡಲು ನೀರಿನ ಮೇಲ್ಮೈಗೆ ಓರೆಯಾಗಿ ಸಣ್ಣ ಫ್ಯಾನ್ ಹಿಡಿಸಿದರೆ ನೀರು ಆವಿಯಾಗುತ್ತಾ ಎರಡು ಮೂರು ಡಿಗ್ರಿ ಇಳಿಯುತ್ತದೆ. ಗಾಳಿ ಒದ್ದೆಯಾಗಿರುವ ದಿನಗಳಲ್ಲಿ ಇದರ ಆಟ ನಡೆಯುವುದಿಲ್ಲ. ಆವಿಯಾದಷ್ಟು ನೀರನ್ನು ತುಂಬುತ್ತಿರಬೇಕು. ಮಂಜುಗಟ್ಟಿಸಿದ ನೀರಿನ ಬಾಟಲಿ ತೇಲಿಬಿಡುವುದು ತುರ್ತಿಗೆ ಸರಿ, ದಿನಚರಿಗೆ ಸರಿಯಲ್ಲ. ಗಂಟೆಗೊಮ್ಮೆ ಏರಿಳಿಯುವ ನೀರಿಗಿಂತ ಒಂದು ಡಿಗ್ರಿ ಹೆಚ್ಚಿದ್ದರೂ ಸ್ಥಿರವಾಗಿರುವ ನೀರು ವಾಸಿ. ವರ್ಷದ ಬಹುಭಾಗ 22ರ ಮೇಲಿರುವ ಕೋಣೆಯಾದರೆ ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಹಾಕಿಸಲೇಬೇಕು. ಅದು ಆಗದಿದ್ದರೆ ಈ ಪ್ರಾಣಿಯನ್ನು ತರದಿರುವುದೇ ಲೇಸು.

ನೀರೂ ಸರಿ, ತಂಪೂ ಸರಿ, ಆದರೂ ತಿನ್ನುತ್ತಿಲ್ಲ

ಫಿಲ್ಟರ್‌ನ ಹೊರಹರಿವು ನೋಡಿ. ಆಕ್ಸೊಲಾಟಲ್ ನಿಂತ ನೀರಿನ ಜೀವಿ. ಪಂಪಿನ ಧಾರೆ ಇಡೀ ದಿನ ಮುಖಕ್ಕೆ ರಾಚುತ್ತಿದ್ದರೆ ಕಿವಿರು ಮುಂದಕ್ಕೆ ಬಾಗುತ್ತದೆ, ಊಟ ಕಡಿಮೆಯಾಗುತ್ತದೆ. ಧಾರೆಯನ್ನು ಗೋಡೆಗೆ ತಿರುಗಿಸಿ, ಅಥವಾ ತೂತು ಕೊಳವೆ ಹಾಕಿ ಹಂಚಿ. ಅಡಗಲು ಜಾಗ ಇದೆಯೇ ನೋಡಿ. ಜೊತೆಗೆ ಮೀನು ಬಿಟ್ಟಿದ್ದರೆ ತೆಗೆದುಬಿಡಿ. ಮೀನಿಗೆ ಆ ಕಿವಿರಿನ ಎಳೆಗಳು ಅಲ್ಲಾಡುವ ಹುಳುವಿನಂತೆ ಕಾಣುತ್ತವೆ.

ಪ್ರಾಣಿಗೆ ವಯಸ್ಸಾಗಿದ್ದರೆ ಬಹುಶಃ ಅದಕ್ಕೆ ಹಸಿವೇ ಇಲ್ಲ. ಬೆಳೆದ ಆಕ್ಸೊಲಾಟಲ್‌ಗೆ ವಾರಕ್ಕೆ ಎರಡು ಮೂರು ಸಲ ಊಟ ಸಾಕು. ಹೊಟ್ಟೆಯ ಅಗಲ ತಲೆಯ ಅಗಲದಷ್ಟಿದ್ದರೆ ಮೈ ಸರಿಯಾಗಿದೆ ಎಂದರ್ಥ. ಒಂದು ವಾರ ಉಪವಾಸಕ್ಕೆ ದೊಡ್ಡದು ಸಾಯುವುದಿಲ್ಲ.

ಜಲ್ಲಿಕಲ್ಲು ಹಾಸಿದ್ದೀರಾ? ಹಾಗಾದರೆ ಇಲ್ಲೇ ನಿಲ್ಲಿ. ಈ ಪ್ರಾಣಿ ಕಚ್ಚಿ ತಿನ್ನುವುದಿಲ್ಲ. ಬಾಯನ್ನು ಫಕ್ಕನೆ ತೆರೆದು ನೀರಿನ ಸಮೇತ ಊಟವನ್ನು ಒಳಗೆಳೆಯುತ್ತದೆ. ಅದರ ಜೊತೆ ಬಟಾಣಿ ಗಾತ್ರದ ಕಲ್ಲೂ ಒಳಹೋಗಿ ಕರುಳಿಗೆ ಅಡ್ಡ ಕೂರುತ್ತದೆ. ಊಟ ಬಿಟ್ಟು, ಹಿಕ್ಕೆಯೂ ನಿಂತು, ಹೊಟ್ಟೆ ಒಂದು ಕಡೆ ಉಬ್ಬಿದ್ದರೆ ಪಶುವೈದ್ಯರಲ್ಲಿ ಎಕ್ಸ್-ರೇ ತೆಗೆಸಿ. ಕಲ್ಲು ಎಕ್ಸ್-ರೇಯಲ್ಲಿ ಚೆನ್ನಾಗಿ ಕಾಣುತ್ತದೆ. ಇನ್ನು ಮುಂದೆ ತಳ ಬರಿದೇ ಇರಲಿ, ಇಲ್ಲವೇ ಪ್ರಾಣಿ 12-13 ಸೆಂಟಿಮೀಟರ್ ದಾಟಿದ ಮೇಲೆ 1 ಮಿಲಿಮೀಟರಿಗಿಂತ ಸಣ್ಣ ಕಣದ ಮರಳು ಹಾಸಿ. ಮರಳು ನುಂಗಿದರೂ ಹಿಕ್ಕೆಯಲ್ಲಿ ಹೊರಬರುತ್ತದೆ.

ತೇಲುತ್ತಿದೆ

ಒಮ್ಮೊಮ್ಮೆ ಗಾಳಿ ನುಂಗಿ ಅರ್ಧ ಗಂಟೆ ತೇಲಿ, ಗುಳ್ಳೆ ಬಿಟ್ಟು ತಳಕ್ಕೆ ಇಳಿದರೆ ಅದು ಆಟ. ಇಳಿಯಬೇಕೆಂದು ಕಾಲು ಬಡಿದರೂ ಇಳಿಯಲಾಗದೆ, ಹಿಂಭಾಗ ಮೇಲಾಗಿ ತಲೆ ಕೆಳಗಾಗಿದ್ದರೆ ಮಲಬದ್ಧತೆ ಇಲ್ಲವೇ ಕರುಳಲ್ಲಿ ಗಾಳಿ. ನೀರಿನ ಮಟ್ಟವನ್ನು ಇಳಿಸಿ ಕಾಲು ತಳಕ್ಕೆ ತಾಗುವಂತೆ ಮಾಡಿ, ನಾಲ್ಕೈದು ದಿನ ಊಟ ಕೊಡಬೇಡಿ. ಹೆಚ್ಚಿನವು ಅಷ್ಟರಲ್ಲಿ ಹಿಕ್ಕೆ ಹಾಕಿ ಸರಿಹೋಗುತ್ತವೆ. ಫ್ರಿಜ್ಜಿನಲ್ಲಿ 5ರಿಂದ 8 ಡಿಗ್ರಿಯಲ್ಲಿಡುವ ಹಳೆಯ ಪದ್ಧತಿಯೊಂದಿದೆ. ನನಗೆ ಅದು ಇಷ್ಟವಿಲ್ಲ. ತಿಳಿದವರು ಎದುರಿಗಿಲ್ಲದೆ ಕೈಹಾಕಬೇಡಿ.

ಇಡೀ ಮೈ ಬಲೂನಿನಂತೆ ಊದಿ, ಕಾಲುಗಳೂ ಊದಿಕೊಂಡಿದ್ದರೆ ಅದು ಗಾಳಿಯಲ್ಲ, ನೀರು. ಮೂತ್ರಪಿಂಡವೋ ಹೃದಯವೋ ಕೈಕೊಟ್ಟಿರಬಹುದು, ಸೋಂಕೂ ಇರಬಹುದು. ಮನೆಮದ್ದಿನ ಮಾತಲ್ಲ ಇದು.

ಬಿಳಿ ಹತ್ತಿಯಂಥ ಬೂಷ್ಟು

ನೀರಿನ ಬೂಷ್ಟಿನ ಬೀಜಕಣಗಳು ಎಲ್ಲ ತೊಟ್ಟಿಯಲ್ಲೂ ಇರುತ್ತವೆ. ಗಟ್ಟಿಯಾದ ಚರ್ಮದ ಮೇಲೆ ಅವಕ್ಕೆ ಕೆಲಸವಿಲ್ಲ. ಗಾಯ, ಸುಟ್ಟ ಕಿವಿರು, ಬಿಸಿಗೆ ಸೊರಗಿದ ಮೈ ಸಿಕ್ಕರೆ ಬೇರುಬಿಡುತ್ತವೆ. ಆದ್ದರಿಂದ ಬೂಷ್ಟು ಕಂಡರೆ ಮೇಲಿನ ನೀರು, ಬಿಸಿ ಎಂಬ ಎರಡು ಭಾಗಗಳಿಗೆ ವಾಪಸ್ ಹೋಗಿ.

ಕಾರಣ ಸರಿಪಡಿಸಿದ ಮೇಲೂ ಬೂಷ್ಟು ಉಳಿದರೆ ಉಪ್ಪುನೀರಿನ ಸ್ನಾನ. ಅಯೋಡಿನ್ ಸೇರಿಸದ ಉಪ್ಪು, ಲೀಟರಿಗೆ ಎರಡು ಟೀ ಚಮಚ. ತೊಟ್ಟಿಯ ನೀರಿನಷ್ಟೇ ತಂಪಾದ ಬೇರೆ ಪಾತ್ರೆಯಲ್ಲಿ ಪೂರ್ತಿ ಕರಗಿಸಿ ಹತ್ತು ನಿಮಿಷ. ಗಡಿಯಾರ ನೋಡಿಕೊಂಡೇ ಇರಿ. ಹದಿನೈದು ನಿಮಿಷ ದಾಟಿದರೆ ಚರ್ಮ, ಕಿವಿರು ಎರಡೂ ಹಾಳು. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಸಲ. ತೊಟ್ಟಿಗೇ ಉಪ್ಪು ಸುರಿಯಬೇಡಿ. ಮೀನಿಗೆಂದು ಮಾರುವ, ತಾಮ್ರ ಅಥವಾ ಮ್ಯಾಲಕೈಟ್ ಗ್ರೀನ್ ಇರುವ ಮದ್ದುಗಳನ್ನು ಮುಟ್ಟಲೇಬೇಡಿ.

ಮರಿ ಬೆಳೆಯುತ್ತಿಲ್ಲ

ಮೊಟ್ಟೆ ಇಟ್ಟು ಎರಡು ಮೂರು ವಾರಕ್ಕೆ ಮರಿ ಹೊರಬರುತ್ತದೆ, ಒಂದು ಸೆಂಟಿಮೀಟರಿಗಿಂತ ಚೂರು ಉದ್ದ. ಮೊದಲೆರಡು ದಿನ ಹೊಟ್ಟೆಯಲ್ಲಿನ ಹಳದಿಯ ಮೇಲೆ ಬದುಕುತ್ತದೆ. ಆಮೇಲೆ ಬೇಕಾದದ್ದು ಜೀವಂತವಾಗಿ ಚಲಿಸುವ ಊಟ. ಈ ವಯಸ್ಸಿನ ಮರಿ ಅಲ್ಲಾಡದ್ದನ್ನು ಊಟವೆಂದು ಗುರುತಿಸುವುದಿಲ್ಲ. ಪುಡಿ ಆಹಾರ ಉದುರಿಸಿ "ತಿನ್ನುತ್ತಿಲ್ಲ" ಎಂದು ಕೊರಗುವವರ ಮರಿಗಳು ಊಟದ ರಾಶಿಯ ಮಧ್ಯೆಯೇ ಹಸಿವಿನಿಂದ ಸಾಯುತ್ತವೆ. ಮೊಟ್ಟೆಯಿಂದ ಆಗತಾನೇ ಒಡೆದ ಆರ್ಟಿಮಿಯಾ (ಉಪ್ಪುನೀರಿನ ಸಣ್ಣ ಸೀಗಡಿಯಂಥ ಜೀವಿ) ಮರಿಗಳನ್ನು ಸಿಹಿನೀರಲ್ಲಿ ತೊಳೆದು ದಿನಕ್ಕೆ ಎರಡು ಸಲ ಕೊಡಿ. ತಿಂದಿದೆಯೋ ಇಲ್ಲವೋ ತಿಳಿಯುವುದು ಸುಲಭ: ಮರಿಯ ಮೈ ಪಾರದರ್ಶಕ, ತಿಂದಿದ್ದರೆ ಹೊಟ್ಟೆ ಕಿತ್ತಳೆ ಬಣ್ಣದ ಚುಕ್ಕೆಯಾಗಿ ಹೊಳೆಯುತ್ತದೆ. ನಾನು ಡಬ್ಬದ ಕೆಳಗೆ ಬಿಳಿ ಕಾಗದ ಇಟ್ಟು ಚುಕ್ಕೆ ಎಣಿಸುತ್ತೇನೆ.

ಎರಡು ಸೆಂಟಿಮೀಟರಿನ ಸುಮಾರಿಗೆ ಮುಂಗಾಲು, ಆಮೇಲೆ ಹಿಂಗಾಲು. ಕಪ್ಪೆಯ ಗೊದಮೊಟ್ಟೆಯಲ್ಲಿ ಇದು ತಿರುವುಮುರುವು, ಹಿಂಗಾಲು ಮೊದಲು ಕಾಣುತ್ತದೆ, ಹಾಗಾಗಿ "ಹಿಂಗಾಲು ಬರಲಿಲ್ಲ, ಅಂಗವಿಕಲವೇ?" ಎಂಬ ಗಾಬರಿ ಬೇಡ. ಬಂದ ಕಾಲು ಮಾಯವಾಗಿದ್ದರೆ ಪಕ್ಕದವನನ್ನು ಕೇಳಿ. ಈ ಗಾತ್ರದಲ್ಲಿ ಅಲ್ಲಾಡುವುದೆಲ್ಲ ಊಟ, ಒಡಹುಟ್ಟಿದವರ ಕಾಲೂ ಸೇರಿ. ಗಾತ್ರದ ಪ್ರಕಾರ ಬೇರೆ ಬೇರೆ ಡಬ್ಬಕ್ಕೆ ಹಾಕಿ, ಊಟ ಹೆಚ್ಚಿಸಿ. ಮರಿಯ ಕಾಲು ಒಂದೆರಡು ತಿಂಗಳಲ್ಲಿ ಬೆರಳುಗಳ ಸಮೇತ ಮತ್ತೆ ಬೆಳೆಯುತ್ತದೆ. ನೀರು ಕೊಳಕಾಗಿದ್ದರೆ ವಕ್ರವಾಗಿಯೂ ಬೆಳೆಯಬಹುದು.

ಮೊದಲ ಆರು ತಿಂಗಳು ತಿಂಗಳಿಗೆ ಸುಮಾರು ಎರಡು, ಎರಡೂವರೆ ಸೆಂಟಿಮೀಟರ್ ಬೆಳೆದರೆ ಚೆನ್ನಾಗಿದೆ ಎನ್ನಬಹುದು. ವರ್ಷದ ಹೊತ್ತಿಗೆ 18 ಸೆಂಟಿಮೀಟರ್ ದಾಟಿ ಪ್ರಾಯಕ್ಕೆ ಬರುತ್ತದೆ. ಹಿಂದೆ ಬಿದ್ದಿದ್ದರೆ ತಟ್ಟೆ ನೋಡಿ. ಬರೀ ರಕ್ತಹುಳು (ಸೊಳ್ಳೆಯಂಥ ಕೀಟದ ಕೆಂಪು ಮರಿಹುಳು) ತಿಂದು ದೊಡ್ಡದಾಗುವುದು ಕಷ್ಟ, ಅದು ಚುರುಮುರಿ ಇದ್ದ ಹಾಗೆ. ಎರೆಹುಳುವಿನಷ್ಟು ಸಮತೋಲನದ ಊಟ ಇನ್ನೊಂದಿಲ್ಲ. ದೊಡ್ಡದಾದರೆ ತುಂಡರಿಸಿ ಕೊಡಿ. ಕೀಟನಾಶಕ ಬಿದ್ದ ತೋಟದಿಂದ ಮಾತ್ರ ಅಗೆದು ತರಬೇಡಿ. ಮೈ ಸಣ್ಣದಾಗಿಯೇ ಉಳಿದು ತಲೆ ಮಾತ್ರ ಅಗಲವಾಗಿ, ಬಾಲ ಕಡ್ಡಿಯಂತಿದ್ದರೆ ಅದು ತಿಂಗಳುಗಟ್ಟಲೆ ಅರೆಹೊಟ್ಟೆ ಉಂಡ ಮರಿ. ಕಳೆದ ಬೆಳವಣಿಗೆ ಪೂರ್ತಿ ವಾಪಸ್ ಬಾರದು.

ಕಿವಿರು ಕುಗ್ಗುತ್ತಾ ಬಂದಿದೆ

ಇದಕ್ಕೆ ಮೂರು ಕಾರಣ, ಮೂರೂ ಬೇರೆ ಬೇರೆ. ಎಳೆ ಉದುರಿ ಕಡ್ಡಿ ಉಳಿದರೆ ನೀರು ಸುಟ್ಟಿದೆ. ಕಿವಿರು ಚಿಕ್ಕದು, ಆದರೆ ಕೆಂಪಾಗಿ ನೀಟಾಗಿದೆ, ಪ್ರಾಣಿ ಗಟ್ಟಿಯಾಗಿ ತಿನ್ನುತ್ತಿದೆ ಎಂದರೆ ನೀರಲ್ಲಿ ಆಮ್ಲಜನಕ ಧಾರಾಳವಾಗಿದೆ, ದೊಡ್ಡ ಕಿವಿರು ಅದಕ್ಕೆ ಬೇಕಾಗಿಲ್ಲ. ಮೂರನೆಯದು ರೂಪಾಂತರ: ಕಿವಿರಿನ ಜೊತೆಗೆ ಬೆನ್ನು, ಬಾಲದ ಮೇಲಿನ ತೆಳು ರೆಕ್ಕೆಯೂ ಕರಗುತ್ತದೆ, ಕಣ್ಣು ಉಬ್ಬಿ ರೆಪ್ಪೆ ಮೂಡುತ್ತದೆ, ಪ್ರಾಣಿ ಪದೇ ಪದೇ ನೀರಿನಿಂದ ತಲೆ ಎತ್ತುತ್ತದೆ.

ಆಕ್ಸೊಲಾಟಲ್ ಸಾಮಾನ್ಯವಾಗಿ ಜೀವನಪೂರ್ತಿ ಮರಿಯ ರೂಪದಲ್ಲೇ ಇದ್ದು ಮೊಟ್ಟೆ ಇಡುತ್ತದೆ. 1864ರಲ್ಲಿ ಮೆಕ್ಸಿಕೊದಿಂದ 34 ಪ್ರಾಣಿಗಳು ಪ್ಯಾರಿಸ್ಸಿಗೆ ಬಂದಾಗ ವಿಜ್ಞಾನಿಗಳಿಗೂ ಇದು ಒಗಟಾಗಿತ್ತು. ಅವುಗಳಲ್ಲಿ ಆರನ್ನು ಪಡೆದ ಪ್ರಾಣಿವಿಜ್ಞಾನಿ ಆಗಸ್ಟ್ ದ್ಯುಮೆರಿಲ್ ತನ್ನಲ್ಲಿ ಹುಟ್ಟಿದ ಮರಿಗಳಲ್ಲಿ ಕೆಲವು ಕಿವಿರು ಕಳೆದುಕೊಂಡು ನೆಲಕ್ಕೆ ಹತ್ತಿದ್ದನ್ನು ಕಂಡು ಬೆರಗಾಗಿದ್ದ. ಇವತ್ತಿಗೂ ತಾನಾಗಿ ರೂಪಾಂತರವಾಗುವುದು ಅಪರೂಪ. ನಿಮ್ಮ "ಆಕ್ಸೊಲಾಟಲ್" ನೆಲಕ್ಕೆ ಹತ್ತುತ್ತಿದ್ದರೆ ಅದು ಮೊದಲಿನಿಂದಲೂ ಹುಲಿ ಸಲಮಾಂಡರ್‌ನ ಮರಿಯೇ ಆಗಿರುವ ಸಾಧ್ಯತೆ ಹೆಚ್ಚು. ಚಿಕ್ಕಂದಿನಲ್ಲಿ ಎರಡೂ ಒಂದೇ ತರಹ. ಯಾವುದೇ ಆಗಲಿ, ನೀರಿನ ಮಟ್ಟ ಇಳಿಸಿ, ಸುಲಭವಾಗಿ ಹತ್ತಿ ಕೂರಲು ಒದ್ದೆ ದಿಣ್ಣೆ ಮಾಡಿಕೊಡಿ, ತೊಟ್ಟಿಗೆ ಮುಚ್ಚಳ ಹಾಕಿ. ರೂಪಾಂತರ ಮಾಡಿಸಲೆಂದು ಹಾರ್ಮೋನನ್ನೋ ಅಯೋಡಿನನ್ನೋ ಹಾಕುವವರಿದ್ದಾರೆ. ಬಹಳಷ್ಟು ಪ್ರಾಣಿಗಳು ಅದರಲ್ಲೇ ಸಾಯುತ್ತವೆ.

ನೆಲದ ಸಲಮಾಂಡರ್‌ಗಳು

ಹುಲಿ ಸಲಮಾಂಡರ್, ಹಳದಿ ಮಚ್ಚೆಯ ಬೆಂಕಿ ಸಲಮಾಂಡರ್ ಇತ್ಯಾದಿ. ಇವಕ್ಕೆ ನೀರಿನ ಬದಲು ಮಣ್ಣೇ ತೊಟ್ಟಿ. ಪ್ರಾಣಿ ಬಿಲದಿಂದ ಹೊರಬಂದು ಹಗಲಲ್ಲೇ ಗೋಡೆ ಹತ್ತಲು ನೋಡುತ್ತಿದ್ದರೆ ಮಣ್ಣಿಗೆ ಮೂಗಿಡಿ. ಖಾರವಾದ ವಾಸನೆ ಬಂದರೆ ಹಿಕ್ಕೆ ಕೊಳೆತು ಅಮೋನಿಯಾ ಕಟ್ಟಿದೆ, ಪೂರ್ತಿ ಮಣ್ಣು ಬದಲಾಯಿಸಿ. ಒಂದು ಬದಿ ಒದ್ದೆ, ಇನ್ನೊಂದು ಬದಿ ಸ್ವಲ್ಪ ಒಣಗಿದಂತಿರಲಿ, ತನಗೆ ಬೇಕಾದ್ದನ್ನು ಅದೇ ಆರಿಸಿಕೊಳ್ಳಲಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಬೆಂಕಿ ಸಲಮಾಂಡರ್‌ಗೂ 20 ಡಿಗ್ರಿಯ ಒಳಗೇ ಸುಖ. ನೀರಿನ ತಟ್ಟೆ ಆಳವಿಲ್ಲದ್ದಿರಲಿ. ದೊಡ್ಡದಾದ ಮೇಲೆ ಅದಕ್ಕೆ ಈಜು ಅಷ್ಟಾಗಿ ಬಾರದು, ಮುಳುಗಿ ಸಾಯಬಹುದು.

ಪೊರೆ ತುಂಡು ತುಂಡಾಗಿ ಬೆರಳಿಗೆ ಅಂಟಿಕೊಂಡಿದ್ದರೆ ತೇವ ಕಡಿಮೆ. ಪೊರೆ ಸರಾಗವಾಗಿ ಕಳಚಿದರೆ ನಿಮಗೆ ಕಾಣುವುದೇ ಇಲ್ಲ, ಅದನ್ನು ತಿಂದುಬಿಡುತ್ತದೆ. ದವಡೆ ಮೆತ್ತಗಾಗಿ, ಬೆನ್ನು ಬಾಗಿ, ನಡೆಯುವಾಗ ಹೊಟ್ಟೆ ಎಳೆಯುತ್ತಿದ್ದರೆ ಮೂಳೆಗೆ ಕ್ಯಾಲ್ಸಿಯಂ ಸಾಲುತ್ತಿಲ್ಲ. ಮಿಡತೆ, ಜೀರುಂಡೆಗಳಿಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ3 ಪುಡಿ ಉದುರಿಸಿ ಕೊಡಬೇಕಿತ್ತು. ಈಗ ವೈದ್ಯರ ಸಲಹೆಯಂತೆ ನಡೆಯಿರಿ.

ಚರ್ಮದಲ್ಲಿ ಸಣ್ಣ ಸಣ್ಣ ಹುಣ್ಣು, ಸಿಗರೇಟಿನ ಬೆಂಕಿ ತಾಗಿದಂಥ ಕಪ್ಪು ಕುಳಿ, ಮೇಲಿಂದ ಮೇಲೆ ಪೊರೆ ಕಳಚುವುದು, ಮಂಕು. ಇವು ಒಟ್ಟಿಗೆ ಕಂಡರೆ ಬಿಸ್ಯಾಲ್ ಎಂದು ಕರೆಯುವ ಶಿಲೀಂಧ್ರದ ಅನುಮಾನ ಪಡಿ. ನೆದರ್ಲೆಂಡ್ಸ್‌ನ ಬೆಂಕಿ ಸಲಮಾಂಡರ್‌ಗಳು ನಿರ್ನಾಮದ ಅಂಚಿಗೆ ಬಂದಾಗ, 2013ರಲ್ಲಿ ವಿಜ್ಞಾನಿಗಳು ಇದನ್ನು ಗುರುತಿಸಿದರು. ಸಾಕುಪ್ರಾಣಿ ವ್ಯಾಪಾರದ ಜೊತೆ ಹರಡುವ ಭಯದಿಂದ ಅಮೆರಿಕ 2016ರಲ್ಲಿ 201 ಜಾತಿಯ ಸಲಮಾಂಡರ್‌ಗಳ ಆಮದನ್ನು ತಡೆಯಿತು. ಚರ್ಮ ಸವರಿದ ಹತ್ತಿಕಡ್ಡಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಪಿಸಿಆರ್ (ಶಿಲೀಂಧ್ರದ ಡಿಎನ್‌ಎ ಹುಡುಕುವ) ಪರೀಕ್ಷೆ ಮಾಡಿಸಿದರಷ್ಟೇ ಖಚಿತ. ಅಲ್ಲಿಯವರೆಗೆ ಆ ತೊಟ್ಟಿಯ ನೀರು, ಮಣ್ಣು ಹೊರಗಿನ ಕೆರೆ, ಹಳ್ಳ, ತೋಟ ಸೇರಕೂಡದು. ಹೊಸ ಪ್ರಾಣಿ ಯಾವುದೇ ಬಂದರೂ ಕನಿಷ್ಠ 30 ದಿನ ಬೇರೆ ಕೋಣೆ, ಬೇರೆ ಇಕ್ಕಳ, ಬೇರೆ ಬಕೆಟ್. ನಾನು 60 ದಿನ ಇಡುತ್ತೇನೆ.

ಇವುಗಳನ್ನು ಬರಿಗೈಲಿ ಎತ್ತಿಕೊಳ್ಳುವ ಆಸೆ ಬಿಡಿ. ನಿಮ್ಮ ಕೈಯ ಸಾಬೂನು, ಕ್ರೀಮು ಅದಕ್ಕೆ ವಿಷ. ಬೆಂಕಿ ಸಲಮಾಂಡರ್‌ನ ಕತ್ತಿನ ಗ್ರಂಥಿಯ ರಸ ನಿಮ್ಮ ಕಣ್ಣಿಗೂ ಉರಿ.

ಯಾವಾಗ ವೈದ್ಯರು

ಕಾಲು, ಹೊಟ್ಟೆಯ ಚರ್ಮ ರಕ್ತ ಹೆಪ್ಪುಗಟ್ಟಿದಂತೆ ಕೆಂಪಾಗಿದ್ದರೆ, ಮೈ ಊದಿದ್ದರೆ, ಕರುಳು ಹೊರಬಂದಿದ್ದರೆ, ಕಲ್ಲು ನುಂಗಿದ ಅನುಮಾನವಿದ್ದರೆ, ಅಂಗಾತ ಬಿದ್ದು ಮಗುಚಿಕೊಳ್ಳಲಾಗದಿದ್ದರೆ ಅದೇ ದಿನ ಹೋಗಿ. ನಾಯಿ, ಬೆಕ್ಕು ಮಾತ್ರ ನೋಡುವವರಿಗಿಂತ ಹಾವು, ಆಮೆ, ಕಪ್ಪೆ ನೋಡಿ ಅಭ್ಯಾಸವಿರುವವರನ್ನು ಮೊದಲೇ ಹುಡುಕಿಟ್ಟುಕೊಂಡಿರಿ. ಆಕ್ಸೊಲಾಟಲ್ ಆದರೆ ಅದರದೇ ತೊಟ್ಟಿಯ ನೀರು ತುಂಬಿದ ಮುಚ್ಚಳದ ಡಬ್ಬದಲ್ಲಿ, ಆ ಡಬ್ಬವನ್ನು ಐಸ್ ಪ್ಯಾಕ್ ಇರುವ ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟು ಒಯ್ಯಿರಿ. ನೆಲದ್ದಾದರೆ ಒದ್ದೆ ಟಿಶ್ಯೂ ಹಾಸಿದ ಡಬ್ಬ ಸಾಕು. ಇನ್ನೊಂದು ಸೀಸೆಯಲ್ಲಿ ಪರೀಕ್ಷೆಗೆಂದು ತೊಟ್ಟಿಯ ನೀರು, ಬರೆದಿಟ್ಟ ಅಂಕಿಗಳ ಚೀಟಿ, ಕೊನೆಯ ಹಿಕ್ಕೆಯ ಫೋಟೊ ಜೊತೆಗಿರಲಿ. ನೀವು ಈಗಾಗಲೇ ಏನೇನು ಮದ್ದು ಹಾಕಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ.